ಮುಟ್ಟಬಾರದಿದ್ದ ಗಹ್ವಾ

ನಾವು ಸೌದಿಯ ಹಾಯಿಲ್‌ನಲ್ಲಿದ್ದ ಕಾಲಕ್ಕೆ ನನಗೆ ಸ್ವಂತದ್ದೆನ್ನುವ ಸ್ವರವೇ ಇರಲಿಲ್ಲ. ಬೆಳಿಗ್ಗೆ ಎದ್ದರೆ ಅಪ್ಪನ ಕೆಮ್ಮು, ಶಾಲೆಯಲ್ಲಿ ಹೆಡ್‌ಮಿಸ್ಸಿನ ಇಂಗ್ಲಿಷ್, ಸಂಜೆ ಕೆಳಗಿನ ಅಂಗಡಿಯ ಬಂಗಾಳಿಯ ಗೊಣಗಾಟ. ಮೈಸೂರಿನಲ್ಲಿ ಹುಟ್ಟಿ ಸೌದಿಯಲ್ಲಿ ಬೆಳೆದ ನನಗೆ ಆಡಲು ಬೀದಿಯಿರಲಿಲ್ಲ, ಹತ್ತಲು ಮರವಿರಲಿಲ್ಲ. ಫ್ಲ್ಯಾಟು, ಏಸಿಯ ಗೊರಗೊರ, ಅಷ್ಟೇ. ಹಾಗಾಗಿ ಮನುಷ್ಯರನ್ನೇ ಆಟದ ಸಾಮಾನು ಮಾಡಿಕೊಂಡಿದ್ದೆ. ಯಾರೂ ಸಿಗದಿದ್ದರೆ ಕನ್ನಡಿಯ ಮುಂದೆ ನಿಂತು ನನ್ನನ್ನೇ ಅಣಕಿಸುತ್ತಿದ್ದೆ: ಗುಂಡು ಮುಖ, ಹಲ್ಲಿನ ಸಂದಿಯಲ್ಲಿ ಸೀಟಿ ಹೊಡೆಯುವ ‘ಸ’. “ಒಂದಿನ ಸರಿಯಾಗಿ ಒದೆ ತಿಂತೀಯ ನೋಡ್ತಿರು” ಎಂದು ಅಮ್ಮ ಹೇಳುತ್ತಲೇ ಇದ್ದಳು.

ಒದೆಯುವ ಬದಲು ನಗುತ್ತಿದ್ದವರು ಹಮೀದಾಕ ಒಬ್ಬರೇ. ವಿಟ್ಲದ ಕಡೆಯ ಬ್ಯಾರಿ. ನಮ್ಮ ಹಿಂದಿನ ಬೀದಿಯ ದೊಡ್ಡ ಮನೆಯಲ್ಲಿ ಹೌಸ್ ಡ್ರೈವರ್. ಅವರ ಕನ್ನಡವನ್ನು ಅವರ ಎದುರಿಗೇ ಅಣಕಿಸಿದರೆ ಹೊಟ್ಟೆ ಹಿಡಿದುಕೊಂಡು ನಗುವರು, ಕಣ್ಣಲ್ಲಿ ನೀರು ಬರುವವರೆಗೆ. “ಎಂಥ ಪೋಕರಿಯಾ ನೀನು!” ಎನ್ನುವರು. ಶುಕ್ರವಾರ ನಮ್ಮ ಮನೆಯಲ್ಲಿ ಅವರ ಊಟ. ಅಮ್ಮನ ಸಾರು ಅವರಿಗೆ ಸಪ್ಪೆ, ಆದರೂ ಮೂರು ಸಲ ಹಾಕಿಸಿಕೊಳ್ಳುವರು.

ಆ ಚಳಿಗಾಲದ ರಜೆಯಲ್ಲಿ ಅವರ ಮಗಳು ಮಿಸ್ರಿಯಾಳ ಮದುವೆ ನಿಶ್ಚಯವಾಯಿತು. ಊರಿಗೆ ಹೋಗಲು ಕಫೀಲರು, ಅಂದರೆ ಅವರನ್ನು ಕೆಲಸಕ್ಕಿಟ್ಟುಕೊಂಡ ಯಜಮಾನರು, ತಮ್ಮ ಮೊಬೈಲಿನಲ್ಲಿ ಒಪ್ಪಿಗೆ ಒತ್ತಬೇಕು. ಕಫೀಲರು ಅಬು ಫಹದ್ ಒಂಟೆಗಳ ಜೊತೆ ನಫೂದ್ ಮರುಭೂಮಿಯಲ್ಲಿ ಡೇರೆ ಹಾಕಿ ಕೂತಿದ್ದರು. ಚಳಿಗಾಲ ಬಂತೆಂದರೆ ಅವರು ಹಾಗೆಯೇ, ಫೋನು ಎತ್ತುವುದಿಲ್ಲ. ಡೇರೆಗೆ ರೊಟ್ಟಿ, ನೀರು, ಸೌದೆ ಒಯ್ಯುವ ಸರದಿ ಹಮೀದಾಕರಿಗೆ ಬಂದಾಗ, ನನ್ನನ್ನೂ ಜೊತೆಗೆ ಕಳಿಸುವಂತೆ ಅವರು ಅಮ್ಮನನ್ನು ಕೇಳಿದರು.

“ಇವನನ್ನು ಒಮ್ಮೆ ಕಳಿಸಿ ಅಕ್ಕಾ. ಮಕ್ಕಳು ಎದುರಿಗಿದ್ರೆ ಅರಬಿಗಳು ಬೈಯುವುದಿಲ್ಲ.”

“ಇವನು ಅವರನ್ನೇ ಅಣಕಿಸಿಬಿಟ್ರೆ?”

“ಬಾಯಿಗೆ ಖರ್ಜೂರ ತುರುಕ್ತೇನೆ.”

ಹೊರಟೆವು. ದೊಡ್ಡ ಜಿಎಂಸಿ ಗಾಡಿ, ಹಿಂದೆ ಸೌದೆಯ ಒಣ ವಾಸನೆ, ತೊಡೆಯ ಮೇಲೆ ಅಮ್ಮ ಕಟ್ಟಿಕೊಟ್ಟ ಪುಳಿಯೋಗರೆ. ಊರು ಹಿಂದೆ ಉಳಿದಂತೆ ಮರಳು ಕೆಂಪಾಗುತ್ತಾ ಹೋಯಿತು. ಕಾಲು ಕಟ್ಟಿದ ಒಂಟೆಗಳು ಕುಂಟುತ್ತಾ ಮೇಯುತ್ತಿದ್ದವು. ನಮ್ಮದೊಂದು ಆಟವಿತ್ತು: ನಾನು ಒಂದು ಸ್ವರ ಮಾಡಬೇಕು, ಯಾರದೆಂದು ಹಮೀದಾಕ ಹೇಳಬೇಕು, ತಪ್ಪಿದರೆ ನನಗೊಂದು ಚಾಕಲೇಟು. ಅವರು ಬೇಕೆಂದೇ ತಪ್ಪುತ್ತಿದ್ದರು. ನನಗೂ ಗೊತ್ತಿತ್ತು. ಚಾಕಲೇಟಿನ ವಿಷಯದಲ್ಲಿ ನಾನು ಸ್ವಾಭಿಮಾನಿಯಲ್ಲ.

ಡಾಂಬರು ಮುಗಿದಲ್ಲಿ ಗಾಡಿ ನಿಲ್ಲಿಸಿ, ಮರಳಿನಲ್ಲಿ ಹೂತುಹೋಗದಂತೆ ಚಕ್ರಗಳ ಗಾಳಿ ಇಳಿಸುತ್ತಾ ಹಮೀದಾಕ ತಮ್ಮ ಉಪಾಯ ಹೇಳಿದರು.

“ಇವರ ಹತ್ರ ಎಂತಾದ್ರೂ ದೊಡ್ಡದು ಕೇಳ್ಲಿಕ್ಕೆ ಬಂದವರು ಉಂಟಲ್ಲ, ಗಹ್ವಾ ಕೊಟ್ರೆ ಕುಡಿಯುವುದಿಲ್ಲ. ಕಪ್ಪು ಎದುರಿಗೆ ಇಟ್ಟು ಸುಮ್ಮನೆ ಕೂರುವುದು. ಅತಿಥಿ ಕುಡಿಯದಿದ್ರೆ ಮನೆಯವನಿಗೆ ಮರ್ಯಾದೆ ಪ್ರಶ್ನೆ. ಕೇಳಿದ್ದು ಕೊಟ್ಟೆ, ಕುಡಿ ಅಂತ ಅವರೇ ಹೇಳ್ಬೇಕು. ಆಮೇಲೆ ಕುಡಿಯುವುದು. ನಾನು ಬಾಗಿಲಲ್ಲಿ ನಿಂತು ಎಷ್ಟು ಸಲ ನೋಡಿದ್ದೇನೆ ಗೊತ್ತುಂಟಾ?”

“ನಿಮಗೆ ಅಷ್ಟೊಂದು ಬೇಕಾ ಹಮೀದಾಕ? ಮದುವೆ ವಿಡಿಯೋ ಕಾಲಲ್ಲಿ ನೋಡಿದ್ರಾಯ್ತಪ್ಪ.”

ಅವರು ಗಾಳಿ ಇಳಿಸುವುದನ್ನು ನಿಲ್ಲಿಸಿದರು. “ನಮ್ಮಲ್ಲಿ ನಿಕಾಹ್ ಆಗುವಾಗ ಅಪ್ಪ ಅಳಿಯನ ಕೈ ಹಿಡಿದು ಮಗಳನ್ನು ಕೊಡುವುದು. ಅಪ್ಪ ಇಲ್ಲದಿದ್ರೆ ಬೇರೆಯವರಿಗೆ ಒಪ್ಪಿಸಬಹುದು, ತಪ್ಪೇನಿಲ್ಲ. ಆದ್ರೆ ನಾನು ಇದ್ದೇನಲ್ಲ ಮಾರಾಯ. ಕೈ ಎರಡೂ ಸರಿ ಉಂಟು.”

ಆಮೇಲೆ ತಾಲೀಮು. ನಾನು ಅಬು ಫಹದ್. ಸೌದೆಯ ಕಟ್ಟಿಗೆ ಒರಗಿ, ಇಲ್ಲದ ಹೊಟ್ಟೆಯನ್ನು ಮುಂದೆ ತಂದು, ಮೂಗಿನ ಬುಡದಿಂದ ಸ್ವರ ಎಳೆದು “ಇಶ್ರಬ್ ಯಾ ಹಮೀದ್!” ಎಂದೆ. ಕುಡಿ ಹಮೀದ್ ಎಂದು ಅರ್ಥ. ಅವರು ಬಾಟಲಿಯ ಮುಚ್ಚಳದಲ್ಲಿದ್ದ ನೀರನ್ನು ಎದುರಿಗಿಟ್ಟು ಕೈಕಟ್ಟಿ ಕೂತರು. ಎಷ್ಟು ಗದರಿದರೂ ಮುಟ್ಟಲಿಲ್ಲ. ಕೊನೆಗೆ ಇಬ್ಬರೂ ಮರಳಿನಲ್ಲಿ ಬಿದ್ದು ನಕ್ಕೆವು. ಪರೀಕ್ಷೆಯಲ್ಲಿ ಪಾಸಾದರು ಎಂದುಕೊಂಡೆ. ಅಣಕಿಗೆ ಯಾರು ಹೆದರುತ್ತಾರೆ?

ಡೇರೆ ದೊಡ್ಡದಿತ್ತು. ಒಳಗೆ ಕೆಂಡ, ಏಲಕ್ಕಿಯ ಘಮ, ದಿಂಬಿಗೆ ಒರಗಿದ ನಾಲ್ಕೈದು ನೆಂಟರು, ಅವರ ನಡುವೆ ಅಬು ಫಹದ್. ನನ್ನನ್ನು ನೋಡಿ ಹಿಗ್ಗಿ ಪಕ್ಕದಲ್ಲೇ ಕೂರಿಸಿಕೊಂಡರು. ಹಮೀದಾಕ ಸಾಮಾನು ಇಳಿಸಿ ಬಂದು, ಎಂದಿನಂತೆ ಬಾಗಿಲಲ್ಲಿ ನಿಲ್ಲದೆ, ಚಾಪೆಯ ಅಂಚಿನಲ್ಲಿ ಕೂತರು. ಅಷ್ಟಕ್ಕೇ ಅವರಿಗೆ ಎಷ್ಟು ಧೈರ್ಯ ಬೇಕಾಗಿತ್ತೋ. ಗಹ್ವಾ ಬಂತು. ಪುಟ್ಟ ಕಪ್ಪು, ಅರಿಶಿನ ಬಣ್ಣದ ಕಹಿ ಕಾಫಿ. ಹಮೀದಾಕ ಅದನ್ನು ಎದುರಿಗಿಟ್ಟರು.

ನೆಂಟನೊಬ್ಬ ಕಪ್ಪನ್ನು ನೋಡಿದ. ಅವನಿಗೆ ಅರ್ಥವಾಯಿತು, ಹುಬ್ಬು ಮೇಲೆ ಹೋಯಿತು. ಅಬು ಫಹದ್ ಮಾತ್ರ ಒಂಟೆಮರಿಯೊಂದರ ಕಾಲುನೋವಿನ ಕಥೆಯಲ್ಲಿದ್ದರು. ನಡುವೆ ಕಣ್ಣು ಹಾಯಿಸಿ, ಕುಡಿಯದೆ ಕೂತ ಡ್ರೈವರನನ್ನು ಕಂಡು, ಗಟ್ಟಿಯಾಗಿಯೂ ಅಲ್ಲ, ಗೇಟು ತೆಗೆ ಎನ್ನುವ ಹಾಗೆ, “ಇಶ್ರಬ್ ಯಾ ಹಮೀದ್” ಎಂದರು.

ಹಮೀದಾಕ ಕುಡಿದುಬಿಟ್ಟರು.

ಒಂದೇ ಗುಟುಕು. ಕಪ್ಪು ಕೆಳಗಿಟ್ಟ ಮೇಲೆಯೇ ಅವರಿಗೆ ಗೊತ್ತಾದದ್ದು. ತಮ್ಮ ಕೈಯನ್ನು ತಾವೇ ನೋಡಿಕೊಂಡರು, ಬೇರೆ ಯಾರದೋ ಕೈ ಎನ್ನುವಂತೆ. ಆ ಸ್ವರ ನಿಲ್ಲು ಎಂದರೆ ನಿಂತು, ನಡೆ ಎಂದರೆ ನಡೆದ ಮೈ ಅದು. ಬಾಗಿಲಲ್ಲಿ ನಿಂತು ಅವರು ನೋಡಿದ್ದೆಲ್ಲ ಅತಿಥಿಗಳನ್ನು, ಆಳುಗಳನ್ನಲ್ಲ.

ಆಮೇಲೆ ಬಾಯಿಬಿಟ್ಟೇ ಕೇಳಿದರು. ಮಗಳ ಮದುವೆ, ಮುಂದಿನ ತಿಂಗಳು. ಅಬು ಫಹದ್ ನಿಜಕ್ಕೂ ಸಂತೋಷಪಟ್ಟರು. “ಮಬ್ರೂಕ್, ಮಬ್ರೂಕ್!” ಮನೆಯ ಹೆಣ್ಣುಮಕ್ಕಳಿಗೆ ಪರೀಕ್ಷೆ ಇದೆ, ಶಾಲೆಗೆ ಬಿಡುವವರು ಯಾರು, ಪರೀಕ್ಷೆ ಮುಗಿಯಲಿ, ಇನ್ಶಾ ಅಲ್ಲಾ ಎಂದರು. ಮದುಮಗಳಿಗೆಂದು ಒಂದು ಡಬ್ಬ ಒಳ್ಳೆಯ ಖರ್ಜೂರ ಕೊಟ್ಟರು. ಕೆಟ್ಟ ಮನುಷ್ಯನಾಗಿದ್ದರೆ ಬೈದುಕೊಳ್ಳಲಾದರೂ ಆಗುತ್ತಿತ್ತು. ಹಮೀದಾಕ “ಶುಕ್ರನ್” ಎಂದು ನಕ್ಕರು. ಅಂಥ ನಗುವನ್ನು ನಾನು ಅವರಲ್ಲಿ ಅದೇ ಮೊದಲು ನೋಡಿದ್ದು. ಹಲ್ಲು ಮಾತ್ರ ಕಾಣಿಸುವ ನಗು.

ವಾಪಸು ಬರುವಾಗ ಆಟವಿಲ್ಲ. ಪುಳಿಯೋಗರೆ ಹಾಗೆಯೇ ಉಳಿದಿತ್ತು. ಡಾಂಬರು ಸಿಕ್ಕಿದ ಮೇಲೆ ಅವರು ಗಾಡಿಯನ್ನು ಪಕ್ಕಕ್ಕೆ ಹಾಕಿದರು.

“ಏ ಪೋಕರಿ. ಅವರ ಸ್ವರ ಮಾಡು.”

“ಏನನ್ನಲಿ?”

“ಊರಿಗೆ ಹೋಗು ಅನ್ನು.”

ನಾನು ಹೊಟ್ಟೆ ಮುಂದೆ ತರಲಿಲ್ಲ, ಮೂಗು ಹಿಂಡಲಿಲ್ಲ. ಡೇರೆಯಲ್ಲಿ ಕೇಳಿದ್ದಂತೆಯೇ, ಮೆಲ್ಲಗೆ: “ರೂಹ್ ಬಲದ್, ಯಾ ಹಮೀದ್.”

“ಇನ್ನೊಮ್ಮೆ.”

ಹೇಳಿದೆ.

“ಹೌದು,” ಎಂದರು ಸ್ಟಿಯರಿಂಗ್ ನೋಡುತ್ತಾ. “ಅವರದ್ದೇ ಸ್ವರ.” ಗಾಡಿಗೆ ಗೇರು ಹಾಕಿದರು.

ನಿಕಾಹ್ ನಡೆಯುವಾಗ ಅವರು ಹೆಣ್ಣುಮಕ್ಕಳ ಶಾಲೆಯ ಎದುರು ಗಾಡಿಯಲ್ಲೇ ಕೂತು ಫೋನು ಹಿಡಿದಿದ್ದರಂತೆ. ಅಳಿಯನ ಕೈ ಹಿಡಿದದ್ದು ಅವರ ತಮ್ಮ. ಸ್ವಲ್ಪ ಕಾಲದಲ್ಲೇ ನಾವು ಮೈಸೂರಿಗೆ ಮರಳಿದೆವು. ನನ್ನ ಸ್ವರ ಒಡೆದು ಗಂಡಸರದಾಯಿತು. ಈಗ ಕಾಲೇಜಿನ ವೇದಿಕೆಗಳಲ್ಲಿ ಮಂತ್ರಿಗಳನ್ನೂ ಮೇಷ್ಟ್ರುಗಳನ್ನೂ ಅಣಕಿಸಿ ಚಪ್ಪಾಳೆ ಗಿಟ್ಟಿಸುತ್ತೇನೆ. “ಅರಬಿ ಯಜಮಾನನ್ನ ಮಾಡೋ” ಎಂದು ಗೆಳೆಯರು ಕೂಗುತ್ತಾರೆ. ಬರುವುದಿಲ್ಲ ಎಂದು ಸುಳ್ಳು ಹೇಳುತ್ತೇನೆ.

ಹಮೀದಾಕ ಈಗ ಊರಲ್ಲೇ ಇದ್ದಾರೆ. ಮೊನ್ನೆ ಫೋನು ಮಾಡಿದ್ದೆ.

“ಅಳಿಯ ಹೇಗಿದ್ದಾರೆ ಹಮೀದಾಕ?”

“ಒಳ್ಳೆಯವ ಮಾರಾಯ. ನನಗೆ ತುಂಬ ಮರ್ಯಾದೆ ಕೊಡ್ತಾನೆ. ಮನೆಯ ವಿಷಯ ಎಂತ ಇದ್ರೂ ಮಾತ್ರ ನನ್ನ ತಮ್ಮನ ಹತ್ರವೇ ಹೇಳುವುದು. ಕೈ ಹಿಡಿದವ ಅವನಲ್ವಾ?”

ಹೇಳಿ ನಕ್ಕರು. ಡೇರೆಯಲ್ಲಿ ನಕ್ಕಿದ್ದ ಅದೇ ನಗು, ಎದುರಿನವರಿಗೆ ಬೇಸರವಾಗದಿರಲೆಂದು ನಗುವ ನಗು. ಸ್ವಂತ ಮನೆಯ ಜಗಲಿಯಲ್ಲಿ ಕೂತು, ಮಗಳ ಗಂಡನ ವಿಷಯ ಹೇಳುವಾಗಲೂ.