ಎಲೆಯ ಕಹಿ ನೋಡುವವಳು

ಬೆಳಕು ಹರಿಯುವ ಮೊದಲು ಅವಳು ಮುಗಿಸಬೇಕಾದ ಕೆಲಸಗಳು: ನಲ್ಲಿ ನಿಲ್ಲುವುದರೊಳಗೆ ನಾಲ್ಕು ಕೊಡ ನೀರು ಹಿಡಿಯುವುದು, ಹಾಸಿಗೆ ಹಿಡಿದ ಅತ್ತೆಯನ್ನು ಮಗ್ಗುಲು ಹೊರಳಿಸಿ ಒದ್ದೆ ಬಟ್ಟೆ ಬದಲಿಸುವುದು, ಅದನ್ನು ಒಗೆದು ಹರವುವುದು, ಅಡುಗೆ, ಗಂಡನ ಡಬ್ಬಿ, ತನ್ನ ಡಬ್ಬಿ, ಪಾತ್ರೆ. ಈಚೆಗೆ ಇನ್ನೊಂದು ಸೇರಿದೆ, ಚಮಚದಲ್ಲಿ ಉಪ್ಪು ಅಳೆಯುವುದು. ಮೊದಲೆಲ್ಲ ಅಂಗೈಗೆ ಒಂದು ತೊಟ್ಟು ಸಾರು ಬಿಟ್ಟುಕೊಂಡು ನೆಕ್ಕಿದರೆ ಸಾಕಿತ್ತು. ಎರಡು ತಿಂಗಳ ಹಿಂದೆ ಜ್ವರ ಬಂದು ಬಿಟ್ಟ ಮೇಲೆ ನಾಲಿಗೆಗೆ ಏನೂ ತಿಳಿಯುತ್ತಿಲ್ಲ. ಏನು ತಿಂದರೂ ಒದ್ದೆ ಕಾಗದ ಅಗಿದ ಹಾಗೆ.

"ಉಪ್ಪು ಹಾಕಿದ್ದೀಯೋ, ಸಮುದ್ರಾನೇ ಸುರಿದಿದ್ದೀಯೋ?" ಎಂದು ಗಂಡ ಒಂದು ದಿನ ಕೇಳಿದ್ದ. ಅಡುಗೆಗೆ ಏನಾಯಿತು ಎಂದು ಕೇಳಿದನೇ ಹೊರತು ನಿನಗೇನಾಯಿತು ಎಂದಲ್ಲ.

ಕೆಲಸಕ್ಕೆ ಹೋಗುವ ಬೀಜ ಕೇಂದ್ರದಲ್ಲಿ ಅವಳನ್ನು ಕಹಿಯಕ್ಕ ಎಂದೇ ಕರೆಯುವುದು. ಹಳೆಯ ಸೌತೆ ತಳಿಗಳಲ್ಲಿ ಕೆಲವು ಗಿಡ ಕಹಿ, ಕೆಲವು ಅಲ್ಲ. ಕಾಯಿ ಬಿಡುವ ತನಕ ಕಾಯಬೇಕಿಲ್ಲ, ಸಸಿಯ ಮೊದಲ ಜೋಡಿ ಎಲೆಯ ಅಂಚು ಚಿವುಟಿ ಬಾಯಿಗಿಟ್ಟರೆ ತಿಳಿಯುತ್ತದೆ. ಕಹಿಯಾದರೆ ಪಕ್ಕದಲ್ಲಿ ಕೆಂಪು ಕಡ್ಡಿ, ಇಲ್ಲದಿದ್ದರೆ ಬಿಳಿ. ಮಧ್ಯಾಹ್ನ ಕೆಂಪು ಕಡ್ಡಿಯವನ್ನೆಲ್ಲ ಅವಳೇ ಕಿತ್ತು ಗೊಬ್ಬರದ ಗುಂಡಿಗೆ ಹಾಕುತ್ತಾಳೆ. ಹನ್ನೊಂದು ವರ್ಷ ಅವಳ ಕಡ್ಡಿ ಒಮ್ಮೆಯೂ ತಪ್ಪಿರಲಿಲ್ಲ.

ಜ್ವರದ ನಂತರ ಹೇಳಿಬಿಡಬಹುದಿತ್ತು. ಹೇಳಿದರೆ ಹೊಲದ ಕೆಲಸ, ಸಂಜೆ ಆರರವರೆಗೆ. ಸಸಿ ಬೆಳೆಸುವ ನೆರಳುಮನೆಯ ಈ ಕೆಲಸ ಮೂರಕ್ಕೆ ಮುಗಿಯುತ್ತದೆ, ಮೂರೂವರೆಗೆ ಅತ್ತೆಯ ಬಟ್ಟೆ ಬದಲಿಸಬೇಕು. ಅವರು ಹೆತ್ತ ಮಗನಿಗೆ ಎರಡು ಕೈಗಳಿದ್ದವು, ಆದರೆ ಇಂಥ ಕೆಲಸಕ್ಕೆ ಅವನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವಳು ಎಲೆ ಕಚ್ಚಿದಳು, ಮುಖ ಕಿವುಚಿದಳು, ಅಂದಾಜಿನ ಮೇಲೆ ಕಡ್ಡಿ ನೆಟ್ಟಳು. ಎರಡು ತಿಂಗಳು ಹೀಗೇ ನಡೆಯಿತು.

ಆ ಬೆಳಿಗ್ಗೆ ಕೇಂದ್ರದ ಮೇಡಂ ತಾವೇ ಒಂದು ಟ್ರೇ ಹೊತ್ತು ತಂದರು.

"ಅಕ್ಕಾ, ಈ ತಳಿ ಬೇರೆಲ್ಲೂ ಸಿಗಲ್ಲ. ಒಬ್ಬರು ಅಜ್ಜಿ ಹಿತ್ತಲಲ್ಲಿ ಉಳಿಸಿಕೊಂಡಿದ್ರು, ಈಗ ಅವರೂ ಇಲ್ಲ. ಇದರ ಎಲೆಗೆ ಬೂಷ್ಟು ರೋಗ ತಾಗೋದಿಲ್ಲ. ಮೂವತ್ತಾರು ಸಸಿ ಅಷ್ಟೆ, ಬೀಜ ಮುಗೀತು. ಹುಳ ಬರದ ಹಾಗೆ ಬಲೆ ಕಟ್ಟಿದ ಮನೇಲಿ ಹನ್ನೆರಡು ಬಳ್ಳಿಗೆ ಜಾಗ ಇದೆ, ಕಹಿ ಇಲ್ಲದ್ದು ಆರಿಸಿ."

"ಮೆಷಿನ್ನಲ್ಲಿ ನೋಡಿಸಿದ್ರೆ..." ಎಂದಳು.

"ಮೆಷಿನ್ ಕೆಡುತ್ತೆ, ನಿಮ್ಮ ನಾಲಿಗೆ ಕೆಡಲ್ಲ ಬಿಡಿ," ಎಂದು ನಗುತ್ತ ಮೇಡಂ ಮೀಟಿಂಗಿಗೆ ಹೋದರು.

ಊಟದ ಹೊತ್ತಿಗೆ ಹನ್ನೆರಡು ಬಿಳಿ ಕಡ್ಡಿ ನಿಂತಿದ್ದವು, ಸರಿಯಾಗಿ ಜಾಗವಿದ್ದಷ್ಟೇ. ಗಿಡಗಳಿಗೆ ನೀರು ಹಾಯಿಸುವವಳು ಬಂದು, ತಮಾಷೆಗೆಂದು ಬಿಳಿ ಕಡ್ಡಿಯ ಸಸಿಯೊಂದರ ಎಲೆ ಚಿವುಟಿ ಬಾಯಿಗಿಟ್ಟಳು. ಮರುಕ್ಷಣವೇ ಥೂ ಎಂದು ಉಗಿದಳು.

"ಇದೇನಕ್ಕಾ, ವಿಷ ಇದ್ದ ಹಾಗಿದೆ. ಇದಕ್ಕೆ ಬಿಳಿ ಕಡ್ಡಿನಾ?"

"ಬೆಳಿಗ್ಗೆಯಿಂದ ಯಾರ ಮೇಲೆ ಚಾಡಿ ಹೇಳಿದೆಯೋ, ನಿನ್ನ ಬಾಯೇ ಕಹಿಯಾಗಿದೆ."

"ನಿನ್ನ ಮೇಲೇ ಹೇಳ್ತಿದ್ದೆ," ಎಂದು ಅವಳು ನಕ್ಕು, ಬಾಯಿ ಮುಕ್ಕಳಿಸಿ, ಪೈಪು ಎಳೆದುಕೊಂಡು ಹೋದಳು. ನಂಬಿದ್ದಳು.

ಮೂರಕ್ಕೆ ಹತ್ತು ನಿಮಿಷವಿತ್ತು. ನೆರಳುಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕೆಂಪು ಕಡ್ಡಿಯ ಇಪ್ಪತ್ತನಾಲ್ಕು ಸಸಿ ಕಿತ್ತರೆ ಮುಗಿಯಿತು, ಕಾಯಿ ಬಿಡುವ ತನಕ ಯಾರಿಗೂ ಏನೂ ತಿಳಿಯುವುದಿಲ್ಲ. ಒಂದರ ಬುಡಕ್ಕೆ ಬೆರಳು ಹಾಕಿದಳು. ಮಣ್ಣು ಸಡಿಲವಾಗಿತ್ತು, ಸುಮ್ಮನೆ ಎಳೆದರೆ ಬಂದುಬಿಡುತ್ತಿತ್ತು.

ಕೈ ಹಿಂದಕ್ಕೆ ತೆಗೆದಳು. ಕೆಂಪು, ಬಿಳಿ ಎನ್ನದೆ ಮೂವತ್ತಾರು ಕಡ್ಡಿಗಳನ್ನೂ ಕಿತ್ತು ಬದಿಗಿಟ್ಟಳು. ದಾಖಲೆ ಪುಸ್ತಕ ತೆರೆದು ಬರೆದಳು: "ಈ ಟ್ರೇ ಆರಿಸಿಲ್ಲ. ನನಗೆ ರುಚಿ ತಿಳಿಯುತ್ತಿಲ್ಲ. ಬೇರೆಯವರಿಂದ ನೋಡಿಸಿ."

ಅಷ್ಟಕ್ಕೇ ಪುಸ್ತಕ ಮುಚ್ಚಬಹುದಿತ್ತು. ಈ ಸಸಿಗಳು ಉಳಿಯುತ್ತಿದ್ದವು, ತಪ್ಪೂ ಇವತ್ತಿನದು ಮಾತ್ರ ಎನಿಸಿಕೊಳ್ಳುತ್ತಿತ್ತು. ಹೊರಗೆ ಅವಳು ಮನೆಗೆ ಹೋಗುವ ಮೂರು ಗಂಟೆಯ ಬಸ್ಸು ಹಾರನ್ ಹಾಕಿತು. ಅವಳು ಪುಟಗಳನ್ನು ಹಿಂದಕ್ಕೆ ಮಗುಚಿ, ಜ್ವರ ಬಿಟ್ಟು ಕೆಲಸಕ್ಕೆ ಬಂದ ಮೊದಲ ದಿನವನ್ನು ಹುಡುಕಿದಳು. ಅಂದು ಸಸಿ ಕಿತ್ತೆಸೆದ ಟ್ರೇಯ ಸಂಖ್ಯೆಯ ಮುಂದೆ "ಇದೂ ಅಂದಾಜು" ಎಂದು ಬರೆದು ಸಹಿ ಹಾಕಿ, ಮುಂದಿನದಕ್ಕೆ ಹೋದಳು.