ಸೊಂಟ ಬಿಡಿಸುವ ಎಡಗಾಲು

ಯಶವಂತಪುರದ ಮಾರುಕಟ್ಟೆ ಯಾರ್ಡಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಈರುಳ್ಳಿ ಲಾರಿಯೊಂದು ಹಿಂಬದಿಯ ಹಲಗೆ ಇಳಿಸಿಕೊಂಡು ನಿಂತಿದೆ. ಅದರ ಪಕ್ಕದ ಜಗಲಿಯ ಮೇಲೆ ಎರಡು ಖಾಲಿ ಗೋಣಿಚೀಲ ಹಾಸಿ ಹಮಾಲಿ ಸಿದ್ರಾಮಪ್ಪ ಬೋರಲಾಗಿ ಮಲಗಿದ್ದಾರೆ. ಅವರ ತಲೆಯ ಹತ್ತಿರ ಕಷಾಯದ ಕ್ಯಾನು ಕೆಳಗಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತಿರುವವರು ಮುನಿನಾರಾಯಣಮ್ಮ.

"ಎದೆ ಹಿಡ್ಕೊಂಡಂಗೆ ಐತೇನಪ್ಪ?"

"ಇಲ್ಲ ಯವ್ವಾ."

"ಕಾಲು ಜೋಮು ಹಿಡೀತಾ?"

"ಇಲ್ಲಬೇ. ಬರೇ ಸೊಂಟ. ನಿನ್ನೆ ಚೀಲ ಎತ್ತೂ ಮುಂದ ಕಟ್ ಅಂತು. ಬಗ್ಗಾಕ ಬರವಲ್ದು."

ಅಷ್ಟು ಕೇಳಿದ ಮೇಲೇ ಅವರು ಎಡಗಾಲಿನ ಚಪ್ಪಲಿ ಬಿಡುತ್ತಾರೆ. ಚೊಂಬಿನ ನೀರಿನಲ್ಲಿ ಪಾದ ತೊಳೆದು, ಸೆರಗಿನ ತುದಿಯಲ್ಲಿ ಒರೆಸಿ, ಲಾರಿಯ ಹಲಗೆ ಹಿಡಿದುಕೊಂಡು, ಸಿದ್ರಾಮಪ್ಪನವರ ಸೊಂಟದ ಮೇಲೆ ಪಾದ ಇಡುತ್ತಾರೆ. ತುಳಿಯುವುದಿಲ್ಲ. ರೊಟ್ಟಿ ತಟ್ಟುವ ಕೈ ಹಿಟ್ಟಿನ ಮೇಲೆ ಆಡಿದ ಹಾಗೆ ಪಾದ ಸೊಂಟದಿಂದ ಬೆನ್ನಿನವರೆಗೆ ಮೆಲ್ಲಗೆ ಏರುತ್ತದೆ, ಇಳಿಯುತ್ತದೆ. ಮೂರು ಸಲ ಹೀಗಾದ ಮೇಲೆ "ಏಳಪ್ಪ, ಹಿಂದಕ್ಕೆ ತಿರುಗಿ ನೋಡ್ಬೇಡ" ಎನ್ನುತ್ತಾರೆ. ಸಿದ್ರಾಮಪ್ಪ ಕೈಯೂರಿ ಎದ್ದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಮುನಿನಾರಾಯಣಮ್ಮ ಹಿಂದಿನಿಂದ ಹೋಗಿ, ಅವರ ಹೆಗಲು ಮುಟ್ಟಿ ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಇನ್ನೊಬ್ಬರಿಗೆ ಕಾಲು ತಾಗಿಸಿದ್ದಕ್ಕೆ ಕೇಳುವ ಕ್ಷಮೆ ಅದು. ಹತ್ತು ವರ್ಷದ ಹುಡುಗ ಮಲಗಿದ್ದರೂ ಹೀಗೆಯೇ, ಎಂಬತ್ತರ ಮುದುಕರು ಮಲಗಿದ್ದರೂ ಹೀಗೆಯೇ.

ತಾಯಿಯ ಹೊಟ್ಟೆಯಿಂದ ತಲೆಯ ಬದಲು ಕಾಲು ಮುಂದಾಗಿ ಹುಟ್ಟಿದವರ ಪಾದ ಸೋಕಿದರೆ ಹಿಡಿದ ಸೊಂಟ ಬಿಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು. ಊರಿಗೊಬ್ಬರು ಅಂಥವರು ಇರುತ್ತಿದ್ದರು. ಈಗ ತುಮಕೂರು ರಸ್ತೆಯ ಈ ಬದಿಯಲ್ಲಿ ಯಾರ್ಡಿನ ಹಮಾಲಿಗಳಿಗೆ, ಲಾರಿ ಕ್ಲೀನರುಗಳಿಗೆ, ಆಟೋದವರಿಗೆ ಗೊತ್ತಿರುವ ಪಾದ ಇದೊಂದೇ. ದಿನಕ್ಕೆ ಇಬ್ಬರೋ ಮೂವರೋ ಬರುತ್ತಾರೆ. ಚಳಿಗಾಲದಲ್ಲಿ ಗೋಣಿಚೀಲ ಮಡಿಸಿಡಲೂ ಪುರುಸೊತ್ತು ಇರುವುದಿಲ್ಲ.

ಹೊಟ್ಟೆಪಾಡು ಮಾತ್ರ ಕಷಾಯದ್ದು. ನಾಗಸಂದ್ರದ ಬಾಡಿಗೆ ಮನೆಯಲ್ಲಿ ಮೂರೂವರೆಗೆಲ್ಲ ಒಲೆ ಹೊತ್ತುತ್ತದೆ. ಒಣಶುಂಠಿ, ಕೊತ್ತಂಬರಿ ಬೀಜ, ಜೀರಿಗೆ, ಮೆಣಸು ಹುರಿದು ಕುಟ್ಟಿದ ಪುಡಿ; ಬೆಲ್ಲ; ಕೊನೆಗೆ ಒಂದು ಹಿಡಿ ದೊಡ್ಡಪತ್ರೆ. ಎರಡು ಕ್ಯಾನು ತುಂಬಿಸಿಕೊಂಡು ರಸ್ತೆಗೆ ಬಂದರೆ ಬಾಲರಾಜು ಅವರ ಲಗೇಜ್ ಆಟೋ ಕಾದಿರುತ್ತದೆ. "ಮೆಟ್ರೋ ಏಳೋದ್ರೊಳಗೆ ನಾನು ಎದ್ದಿರ್ಬೇಕು" ಎಂದು ಮುನಿನಾರಾಯಣಮ್ಮ ನಗುತ್ತಾರೆ. ಎಂಟು ಗಂಟೆಗೆಲ್ಲ ನೂರು ಲೋಟದಷ್ಟು ಕಷಾಯ ಖಾಲಿ. ಗಂಟಲು ಕಟ್ಟಿದವರಿಗೆ ಮೆಣಸು ಜಾಸ್ತಿ, ಹೊಟ್ಟೆ ಉಬ್ಬರಕ್ಕೆ ಓಂಕಾಳು, ಮಗುವಿಗೆ ನೆಗಡಿ ಎಂದು ಬಂದ ತಾಯಂದಿರಿಗೆ ವೀಳ್ಯದೆಲೆಗೆ ಹರಳೆಣ್ಣೆ ಸವರಿ ಬೆಚ್ಚಗೆ ಮಾಡಿ ಎದೆಗೆ ಹಾಕುವ ಪಾಠ. ಕಷಾಯಕ್ಕೆ ಕಾಸು. ಪಾದಕ್ಕೆ ಕಾಸಿಲ್ಲ.

"ಅದಕ್ಕೆ ಕಾಸು ತಗಂಡ್ರೆ ನಮ್ಮಮ್ಮನ್ನೇ ಮಾರ್ಕೊಂಡಂಗೆ ಕಣಮ್ಮ" ಎನ್ನುತ್ತಾರೆ ಅವರು.  ಲೋಟ ತೊಳೆಯುತ್ತಲೇ ಇರುತ್ತಾರೆ.

ಅಮ್ಮನ ಹೆಸರು ವೆಂಕಟಲಕ್ಷ್ಮಮ್ಮ. ಫೋಟೋ ಇಲ್ಲ. ಮಾಕಳಿ ಎಂಬ ಹಳ್ಳಿಯ ಮನೆಯೊಂದರ ನಡುಮನೆಯಲ್ಲಿ ಚೊಚ್ಚಲ ಹೆರಿಗೆಗೆ ಮಲಗಿದಾಕೆ ಮತ್ತೆ ಏಳಲಿಲ್ಲ. ಮಗು ಅಡ್ಡವಾಗಿದೆಯೆಂದು ಹೊಟ್ಟೆಯನ್ನು ಯಾರೋ ಎಣ್ಣೆ ಹಚ್ಚಿ ನೀವಿದರಂತೆ, ತಿರುಗಿಸಲು ನೋಡಿದರಂತೆ. ಕೊನೆಗೆ ಎರಡು ಕಾಲು ಮೊದಲು ಬಂದವು. ಮಗುವಿಗೆ ಎದೆಹಾಲು ಕುಡಿಸುವ ಮೊದಲೇ ಅಮ್ಮನ ಜೀವ ಹೋಗಿತ್ತು. ಅಜ್ಜಿ ಹಸುವಿನ ಹಾಲು ಕುಡಿಸಿ ಬದುಕಿಸಿಕೊಂಡರು.

ನಡೆಯಲು ಕಲಿತದ್ದೇ ತಡ, ಕೆಲಸ ಶುರು. ಅಕ್ಕಪಕ್ಕದ ಹಳ್ಳಿಯವರು ಸೊಂಟ ಹಿಡಿದುಕೊಂಡು ಬಂದು ಜಗಲಿಯ ಮೇಲೆ ಮಲಗುವರು. ಅಜ್ಜಿ ಕಂಕುಳಿಗೆ ಕೈಹಾಕಿ ಎತ್ತಿ ಆ ಪುಟ್ಟ ಪಾದವನ್ನು ಅವರ ಬೆನ್ನ ಮೇಲೆ ಊರಿಸುವರು. "ಎಲ್ಡು ವರ್ಷದ್ ಕೂಸು, ನಂಗೇನ್ ಗೊತ್ತು? ಆಟ ಅನ್ಕೊಂಡಿದ್ದೆ. ದೊಡ್ಡೋಳಾದ್ಮೇಲೆ ಗೊತ್ತಾಯ್ತು, ಅದೇ ಜನ ನನ್ನ ತಾಯಿ ನುಂಗ್ದೋಳು ಅಂತಿದ್ರು ಅಂತ. ಮದುವೆ ಮನೇಲಿ ಆರತಿ ತಟ್ಟೆ ಮುಟ್ಟಕ್ಕೆ ಬಿಡ್ತಿರ್ಲಿಲ್ಲ. ಸೊಂಟ ಹಿಡಿದ್ರೆ ಮಾತ್ರ ಹಿತ್ಲು ಬಾಗಿಲಿಗೆ ಬರೋರು, 'ನಾರಾಯಣೀ, ವಸಿ ಬಾರವ್ವ' ಅಂತ."

ಕೋಪ ಬರುತ್ತಿರಲಿಲ್ಲವೇ?

"ಬತ್ತಿತ್ತು. ಜೋರಾಗಿ ಒದ್ಬುಡನಾ ಅನ್ಸದು" ಎಂದು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾರೆ. "ಆದ್ರೆ ನೋವಲ್ಲಿ ಮಲಗಿದ್ದೋರ ಬೆನ್ನು ನೋಡಿದ್ರೆ ಕೋಪ ಎಲ್ಲಿ ನಿಲ್ಲುತ್ತೆ? ಬೆನ್ನಿಗೆ ಮುಖ ಇಲ್ವಲ್ಲ."

ಇದೇ ಯಾರ್ಡಿನಲ್ಲಿ ಮೂಟೆ ಹೊರುತ್ತಿದ್ದವರೊಬ್ಬರನ್ನು ಮದುವೆಯಾಗಿ ಬಂದರು. ಗಂಡ ತೀರಿಕೊಂಡಾಗ ಮಗಳು ಮಂಜುಶ್ರೀ ಇನ್ನೂ ಅಂಗನವಾಡಿಗೆ ಹೋಗುವ ಹುಡುಗಿ. ಗಂಡ ಕುಡಿಯಲೆಂದು ದಿನವೂ ಕಾಯಿಸಿ ಕೊಡುತ್ತಿದ್ದ ಕಷಾಯವನ್ನೇ ಕ್ಯಾನಿಗೆ ತುಂಬಿಕೊಂಡು ಯಾರ್ಡಿಗೆ ಬಂದು ಕೂತರು. ಮಗಳು ಓದಿ, ಔಷಧದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, ಮದುವೆಯಾಗಿ, ಈಗ ತುಂಬು ಬಸುರಿಯಾಗಿ ತವರಿಗೆ ಬಂದಿದ್ದಾಳೆ.

ಯಾರ್ಡಿನಲ್ಲಿ ಈ ದಿನಗಳಲ್ಲಿ ಎಲ್ಲರ ಮಾತೂ ಅವಳದ್ದೇ. ಸ್ಕ್ಯಾನಿಂಗ್ ಆದಾಗ ಮಗು ಕಾಲು ಕೆಳಗೆ ಮಾಡಿಕೊಂಡು ಕೂತಿರುವುದು ಕಂಡಿದೆ.

ಸುದ್ದಿ ತಿಳಿದ ದಿನ ಬಾಲರಾಜು ಕಷಾಯದ ಲೋಟ ಮೇಲೆತ್ತಿ ಕೂಗಿದ್ದರು: "ಏನ್ ಅಮ್ಮಾ, ಸಖತ್ ನ್ಯೂಸು! ಯಾರ್ಡಿಗೆ ಮುಂದಿನ ಕಾಲು ರೆಡಿ. ನಮ್ ಮಕ್ಕಳ ಕಾಲಕ್ಕೂ ಚಿಂತೆ ಇಲ್ಲ ಬಿಡಿ!"

ಸುತ್ತ ನಿಂತವರೆಲ್ಲ ನಕ್ಕರು. ಮುನಿನಾರಾಯಣಮ್ಮ ನಗಲಿಲ್ಲ. ಅವರ ಕೈಯ ಸೌಟು ಕ್ಯಾನಿನೊಳಗೆ ಜಾರಿಬಿತ್ತು. ಸಿದ್ರಾಮಪ್ಪ ಬಾಲರಾಜುವಿನ ತಲೆಗೆ ಟವಲಿನಿಂದ ಹೊಡೆದು, "ಬಾಯಿ ಮುಚ್ಚಲೇ. ಆ ಯವ್ವನ ಕಾಲು ಬಂದದ್ದು ಹ್ಯಾಂಗ ಅಂತ ಗೊತ್ತೈತೇನ ನಿನಗ?" ಎಂದು ಗದರಿದರು. ಬಾಲರಾಜುವಿಗೆ ನಿಜಕ್ಕೂ ಗೊತ್ತಿರಲಿಲ್ಲ; ಸಿದ್ರಾಮಪ್ಪನವರೇ ಹೇಳಿದರು. ಮರುದಿನದಿಂದ ಅವರ ಆಟೋದಲ್ಲಿ ಮುನಿನಾರಾಯಣಮ್ಮ ಕೂರುವ ಮುಂದಿನ ಸೀಟಿನ ಮೇಲೆ ಮೆತ್ತನೆಯ ದಿಂಬೊಂದು ಬಂದು ಕೂತಿದೆ. 

ಎಲ್ಲರ ನೋವಿಗೂ ಏನಾದರೊಂದು ಕುಟ್ಟಿ ಕುದಿಸಿ ಕೊಡುವ ಈ ಕೈಗೆ ಮನೆಯ ಈ ಸಂಕಟಕ್ಕೆ ಏನು ಕುದಿಸಬೇಕೋ ಗೊತ್ತಿಲ್ಲ. ಹೇಳಿಕೊಡುವವರಿಗೇನೂ ಕೊರತೆಯಿಲ್ಲ. ಹೊಟ್ಟೆ ನೀವಿ ಮಗುವನ್ನು ತಿರುಗಿಸುತ್ತೇನೆಂದು ಪರಿಚಯದ ಮುದುಕಿಯೊಬ್ಬರು ಎಣ್ಣೆ ಬಾಟಲಿ ಸಮೇತ ಮನೆಗೇ ಬಂದಿದ್ದರು. ಮುನಿನಾರಾಯಣಮ್ಮ ಅವರನ್ನು ಕೂರಿಸಿ, ಕಷಾಯ ಕೊಟ್ಟು, ಎಲೆ ಅಡಿಕೆ ಕೊಟ್ಟು, ಬಸ್ಸು ಹತ್ತಿಸಿ ಬಂದರು. ಮಗಳ ಕೋಣೆಯ ಹೊಸಿಲು ದಾಟಲು ಬಿಡಲಿಲ್ಲ.

"ನನ್ ಹೊಟ್ಟೆ ನೋಡೋಕಾದ್ರೂ ಬಿಡ್ಬೇಕಿತ್ತು, ಪಾಪ ಅಷ್ಟು ದೂರದಿಂದ ಬಂದಿದ್ರು" ಎಂದು ಮಂಜುಶ್ರೀ ಈಗಲೂ ಛೇಡಿಸುತ್ತಾಳೆ. "ನಮ್ಮಮ್ಮ ಊರವರಿಗೆಲ್ಲ ಮನೆಮದ್ದು, ಮಗಳಿಗೆ ಮಾತ್ರ ಆಸ್ಪತ್ರೆ!"

"ಊಂ ಕಣಮ್ಮಿ. ಅಂಗೇ ಅನ್ಕೋ" ಎನ್ನುತ್ತಾರೆ ಅಮ್ಮ, ಮಗಳ ಊದಿದ ಪಾದಗಳ ಕೆಳಗೆ ದಿಂಬು ಸರಿಸುತ್ತಾ.

ಮಂಜುಶ್ರೀಯನ್ನು ನೋಡುವ ಡಾಕ್ಟರ್ ವನಿತಾ ಅವರಿಗೆ ಈ ಪಾದದ ಕಥೆ ಗೊತ್ತು. "ಹಿಡಿದ ಸೊಂಟ ಬಹಳಷ್ಟು ಸಲ ತಾನಾಗಿಯೇ ಬಿಡುತ್ತೆ. ಅಲ್ಲಿವರೆಗೂ ಒಬ್ಬರು ಪ್ರೀತಿಯಿಂದ ವಿಚಾರಿಸಿಕೊಂಡರೆ ನೋವು ತಡಕೊಳ್ಳೋದು ಸುಲಭ. ಕಾಲು ಜೋಮು ಅಂದವರನ್ನ, ಎದೆನೋವು ಅಂದವರನ್ನ ಅವರು ಮುಟ್ಟಲ್ಲ, ನಮ್ಮ ಹತ್ತಿರ ಕಳಿಸ್ತಾರೆ, ನನಗೆ ಅದು ಮುಖ್ಯ" ಎನ್ನುತ್ತಾರೆ. ಮಗು ತಾನಾಗಿ ತಿರುಗಬಹುದು, ಕಾಯೋಣ ಎಂದಿದ್ದರು. ಕಾದರು. ಕೊನೆಯ ಸ್ಕ್ಯಾನಿಂಗಿನಲ್ಲೂ ಮಗು ಹಾಗೆಯೇ ಹಟ ಹಿಡಿದು ಕೂತಿತ್ತು. ಆಪರೇಷನ್ನಿಗೆ ದಿನ ಗೊತ್ತಾಯಿತು.

ಹಿಂದಿನ ದಿನ ಬೆಳಿಗ್ಗೆ ಮುನಿನಾರಾಯಣಮ್ಮ ಯಾರ್ಡಿಗೆ ಬಂದರು, ಕಷಾಯ ಕೊಟ್ಟರು. ದೂರದ ಕೋಗಿಲು ಬಡಾವಣೆಯಿಂದ ಸೊಂಟ ಹಿಡಿದುಕೊಂಡು ಬಂದಿದ್ದ ಬಿಲ್ಡರೊಬ್ಬರು ಕಾರಿನಿಂದ ಇಳಿಯಲಾರದೆ ಇಳಿದು ಗೋಣಿಚೀಲದ ಮೇಲೆ ಮಲಗಿದರು. ಪಾದ ತೊಳೆದುಕೊಂಡು ನಿಂತ ಮುನಿನಾರಾಯಣಮ್ಮ ಅಂದು ಪಾದ ಎತ್ತಲಿಲ್ಲ. ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು.

"ಯಾಕಮ್ಮ, ತಡ ಆಯ್ತಲ್ಲ?" ಎಂದರು ಮಲಗಿದ್ದವರು.

"ಇವತ್ತು ಈ ಕಾಲು ಯಾರಿಗೂ ಬ್ಯಾಡ ಅನ್ಸ್ತೈತೆ ಸ್ವಾಮಿ. ನನ್ನ ಮಗಳು ನಾಳೆ ಎದ್ದು ಕೂತ್ಕೊಳ್ಲಿ, ಆಮೇಲೆ ಬನ್ನಿ" ಎಂದು, ಪಾದ ಸೋಕಿಸದೆಯೇ, ಅವರ ಹೆಗಲು ಮುಟ್ಟಿ ಕೈ ಕಣ್ಣಿಗೊತ್ತಿಕೊಂಡರು. ಆ ಮನುಷ್ಯ ಎದ್ದು, ಒಂದು ಲೋಟ ಕಷಾಯ ಕುಡಿದು, "ಒಳ್ಳೇದಾಗ್ಲಿ ತಾಯಿ" ಎಂದು ಸೊಂಟ ಹಿಡಿದುಕೊಂಡೇ ಹೋದರು.

ಆಮೇಲೆ ಯಾರ್ಡಿನ ಆ ಜಗಲಿ ಹಲವು ದಿನ ಖಾಲಿ. ಗೋಣಿಚೀಲಗಳನ್ನು ಸಿದ್ರಾಮಪ್ಪ ಮಡಿಸಿಟ್ಟರು. ಪಕ್ಕದ ಟೀ ಅಂಗಡಿಗೆ ವ್ಯಾಪಾರ ಹೆಚ್ಚಾಯಿತು, ಆದರೂ ಅಂಗಡಿಯವರೇ, "ಅಮ್ಮ ಯಾವಾಗ ಬರ್ತಾರೆ?" ಎಂದು ದಿನಾ ಕೇಳುತ್ತಿದ್ದರು.

ಅಷ್ಟರಲ್ಲಿ ಆಸ್ಪತ್ರೆಯ ವಾರ್ಡಿನಲ್ಲಿ ಮಂಜುಶ್ರೀ ಎದ್ದು ಕೂತಿದ್ದಳು. ಪಕ್ಕದಲ್ಲಿ ಬಟ್ಟೆ ಸುತ್ತಿದ ಹೆಣ್ಣುಮಗು. ಮುನಿನಾರಾಯಣಮ್ಮ ಮಗುವಿನ ಮುಖಕ್ಕಿಂತ ಮೊದಲು ಮಗಳ ಮುಖ ನೋಡಿದರು. ನೀರು ಬೇಕಾ, ನೋವಿದೆಯಾ, ಯಾಕಿಷ್ಟು ಬೆವರು ಎಂದು ಹಣೆ ಒರೆಸಿದರು. "ನಾನ್ ಚೆನ್ನಾಗಿದ್ದೀನಮ್ಮ, ಮಗೂನ ನೋಡೇ" ಎಂದು ಮಗಳೇ ಗದರಿದ ಮೇಲೆ ಬಟ್ಟೆ ಸರಿಸಿದರು. ಹೆಬ್ಬೆರಳಿನಷ್ಟು ಉದ್ದದ ಎರಡು ಪಾದ. ಅಂಗೈಯಲ್ಲಿ ಹಿಡಿದು, ಒಂದೊಂದಾಗಿ ಕಣ್ಣಿಗೆ ಒತ್ತಿಕೊಂಡರು.

ಮುಂದೇನು ಆಸೆ ಎಂದರೆ ಅವರಿಗೆ ದೊಡ್ಡದೇನೂ ಹೊಳೆಯುವುದಿಲ್ಲ. "ಈ ಕೂಸಿನ ಕಾಲು ಸ್ಕೂಲಿಗೆ ನಡೀಲಿ. ಕುಣೀಲಿ. ಯಾರ ಬೆನ್ನೂ ಹತ್ತೋದು ಬ್ಯಾಡ. ಆ ಕೆಲ್ಸ ನಾನೇ ಮುಗಿಸ್ಕೊಂಡು ಓಯ್ತೀನಿ."

ಈಗ ಮತ್ತೆ ಯಾರ್ಡಿನಲ್ಲಿ ಬೆಳಕು ಹರಿಯುತ್ತಿದೆ. ಲಗೇಜ್ ಆಟೋದಿಂದ ಕ್ಯಾನು ಇಳಿಯುತ್ತಿದೆ. ಸಿದ್ರಾಮಪ್ಪ ಗೋಣಿಚೀಲ ಕೊಡವಿ ಹಾಸುತ್ತಿದ್ದಾರೆ. ದಾರಿಯುದ್ದಕ್ಕೂ ತುಟಿ ಬಿಗಿದುಕೊಂಡು ಬಂದಿದ್ದ ಬಾಲರಾಜು ಇನ್ನು ತಡೆಯಲಾರರು.

"ಅಮ್ಮಾ, ಬೈಬೇಡಿ. ಒಂದೇ ಒಂದು ಮಾತು. ಆಪರೇಷನ್ ಅಲ್ವಾ... ತಲೆ ಮೊದ್ಲು ಬಂತಾ, ಕಾಲು ಮೊದ್ಲು ಬಂತಾ? ಡಾಕ್ಟ್ರು ಏನಂದ್ರು?"

ಹಮಾಲಿಗಳ ಲೋಟಗಳು ತುಟಿಯ ಹತ್ತಿರವೇ ನಿಂತಿವೆ. ಮುನಿನಾರಾಯಣಮ್ಮ ಸೌಟಿನಲ್ಲಿ ಕಷಾಯ ಕದಡಿ, ಬಾಲರಾಜುವಿನ ಲೋಟ ತುಂಬಿಸುತ್ತಾರೆ.

"ನಾನು ಕೇಳ್ಲಿಲ್ಲ ಕಣಪ್ಪ" ಎನ್ನುತ್ತಾರೆ. "ಇಬ್ರೂ ಮನೆಗೆ ಬಂದ್ರು."