ಮಗಳ ಮನೆಯ ಲ್ಯಾಪ್‌ಟಾಪಿಗೆ ಕನ್ನಡ ಬಂದದ್ದು

ನಾನು ಕೆಲಸದಲ್ಲಿದ್ದ ಕಾಲದಲ್ಲಿ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಕಳಚಿಟ್ಟು ಹೋಗಬೇಕಿತ್ತು. ತಿರುವನಂತಪುರದ ಶ್ರೀಕಾರ್ಯಂನಲ್ಲಿ ಬೆಳೆ ಸಂಶೋಧನೆಯ ಕೆಲಸ ನನ್ನದು. ನಾವು ಬೆವರು ಒರೆಸಿಕೊಳ್ಳುತ್ತ ಮರಗೆಣಸಿನ ರೋಗ ನೋಡುತ್ತಿದ್ದೆವು. ಏಸಿ ಇದ್ದದ್ದು ಕಂಪ್ಯೂಟರಿಗೆ ಮಾತ್ರ. ಅದರ ಉಸ್ತುವಾರಿಯ ಮಹಾಶಯರು ಅರ್ಚಕರ ಹಾಗೆ ಬಾಗಿಲಲ್ಲಿ ನಿಂತು, ಯಾರು ಎಲ್ಲಿಯವರೆಗೆ ಬರಬಹುದು ಎಂದು ಹೇಳುತ್ತಿದ್ದರು. ಒಂದು ದಿನ ಅವರು ಚಹಾಕ್ಕೆ ಹೋದಾಗ ಒಳಗೆ ನುಗ್ಗಿ, ಕೈಗೆ ಸಿಕ್ಕಿದ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಆ ದೇವರ ಭಯ ನನಗೆ ಅಂದೇ ಬಿಟ್ಟಿತು.

ಈಗ ಎಪ್ಪತ್ತು ದಾಟಿದೆ. ಮೊಣಕಾಲಿನ ಆಪರೇಷನ್ ಆದಮೇಲೆ ಕೆಲವು ತಿಂಗಳು ಕೊಚ್ಚಿಯಲ್ಲಿ, ಪಾಲಾರಿವಟ್ಟಂನ ಮಗಳ ಫ್ಲಾಟಿನಲ್ಲಿ ಕಾಲು ಚಾಚಿ ಕೂತಿದ್ದೆ. ನಾನು ಕಾಸರಗೋಡಿನ ಕನ್ನಡದವಳು. ಮಗಳು ಹುಟ್ಟಿ ಬೆಳೆದದ್ದು ತಿರುವನಂತಪುರದಲ್ಲಿ. ನನ್ನ ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ನಮ್ಮ ಜಗಳಗಳೂ ಹೀಗೆ ಎರಡು ಭಾಷೆಗಳಲ್ಲಿ ಸರಾಗವಾಗಿ ನಡೆಯುತ್ತವೆ. ಮನೆಯಲ್ಲಿ ಎಲ್ಲರಿಗೂ ಸೇರಿದ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು. ಹೊತ್ತು ಹೋಗದಿದ್ದರೆ ಅದರಲ್ಲಿ ಅಡುಗೆಯ ವಿಡಿಯೊ ನೋಡು, ಬೇರೆ ಎಲ್ಲೂ ಒತ್ತಬೇಡ ಎಂದು ಮಗಳು ಹೇಳಿದಳು. ಐವತ್ತು ವರ್ಷ ಅಡುಗೆ ಮಾಡಿದವಳಿಗೆ ಅಡುಗೆಯ ವಿಡಿಯೊ.

ನಾನು ಬೇರೆ ಎಲ್ಲ ಕಡೆಯೂ ಒತ್ತಿದೆ. ಒತ್ತುತ್ತ ಹೋದಾಗ ಭಾಷೆಗಳ ಪಟ್ಟಿಯೊಂದು ಸಿಕ್ಕಿತು, ಅದರಲ್ಲಿ ಕನ್ನಡವೂ ಇತ್ತು. ಏನನ್ನೋ ಇಳಿಸಿಕೊಳ್ಳಲೇ ಎಂದು ಅದು ಕೇಳಿತು, ಇಳಿಸಿಕೋ ಎಂದೆ. ಒಮ್ಮೆ ಆಫ್ ಆಗಿ ಆನ್ ಆಗಲೇ ಎಂದಿತು, ಆಗು ಎಂದೆ. ಎದ್ದು ಬಂದಾಗ ಅದು ಅಡಿಯಿಂದ ಮುಡಿಯವರೆಗೆ ಕನ್ನಡವಾಗಿತ್ತು.

ಒಂಥರಾ ಕನ್ನಡ. ಅದನ್ನು ಬರೆದ ಪುಣ್ಯಾತ್ಮ ಜೀವನದಲ್ಲಿ ಯಾರ ಹತ್ತಿರವೂ ಕನ್ನಡದಲ್ಲಿ ಒಂದು ಲೋಟ ನೀರು ಕೇಳಿರಲಿಕ್ಕಿಲ್ಲ. ಡಿಫಾಲ್ಟ್ ಎನ್ನುವುದಕ್ಕೆ ಮಾತುಮಾತಿಗೆ ‘ಪೂರ್ವನಿಯೋಜಿತ’ ಎನ್ನುತ್ತಿತ್ತು. ಆ ಪದವನ್ನು ನಾನು ಅದುವರೆಗೆ ಕಂಡದ್ದು ಪತ್ರಿಕೆಯ ಕೊಲೆ ಸುದ್ದಿಗಳಲ್ಲಿ ಮಾತ್ರ. ಆದರೂ ಖುಷಿಯಾಯಿತು. ಇಡೀ ಪಾಲಾರಿವಟ್ಟಂನಲ್ಲಿ ನನ್ನ ಜೊತೆ ಕನ್ನಡದಲ್ಲಿ ವ್ಯವಹರಿಸುವುದು ಅದೊಂದೇ ಆಗಿತ್ತು.

ಮರುದಿನ ಬೆಳಿಗ್ಗೆ ಅಳಿಯನಿಗೆ ಆನ್‌ಲೈನ್ ವಿಚಾರಣೆ. ಅವನು ವಕೀಲ, ಮಲಯಾಳಿ. ಅವನ ಸ್ವಂತ ಲ್ಯಾಪ್‌ಟಾಪ್ ಹಾಲಿಲ್ಲದ ಕಟ್ಟನ್ ಚಾಯ ಕುಡಿದು ಜಂಕ್ಷನ್ನಿನ ರಿಪೇರಿ ಅಂಗಡಿಯಲ್ಲಿ ಮಲಗಿತ್ತು. ಚಹಾ ಚೆಲ್ಲಿದ್ದು ಅವನೇ, ನಾನಲ್ಲ, ಇದು ದಾಖಲೆಯಲ್ಲಿರಲಿ. ಮೇಲೆ ಕಪ್ಪು ಗೌನು, ಬಿಳಿ ಬ್ಯಾಂಡು, ಕೆಳಗೆ ಮೊಣಕಾಲಿನ ಮೇಲಕ್ಕೆ ಮಡಚಿ ಕಟ್ಟಿದ ಮುಂಡು ಪಂಚೆ ಎಂಬ ವೇಷದಲ್ಲಿ ಬಂದು ಮನೆಯ ಲ್ಯಾಪ್‌ಟಾಪ್ ತೆರೆದ.

“ಅಮ್ಮೇ, ಇದೆಂದಾ?” ಎಂದ. ಇದೇನು ಎಂದು ಕೇಳುವ ಮಲಯಾಳ.

“ಕನ್ನಡ,” ಎಂದೆ.

ಅವನು ಹೆಂಡತಿಯ ಮುಖ ನೋಡಿದ. ಅವಳಿಗೂ ಓದಲು ಬಾರದು. ವಿಚಾರಣೆ ಶುರುವಾಗುವ ಹೊತ್ತು, ಬೇರೆ ದಾರಿ ಇರಲಿಲ್ಲ. ನನ್ನ ಕುರ್ಚಿಯನ್ನು ಕ್ಯಾಮೆರಾಕ್ಕೆ ಕಾಣದ ಹಾಗೆ ಅವನ ಪಕ್ಕಕ್ಕೆ ಎಳೆದರು, ಕಾಲಿಗೊಂದು ಸ್ಟೂಲು ಕೊಟ್ಟರು, ಮೌಸು ನನ್ನ ಕೈಗೆ ಬಂತು. ಅವನು ಮಲಯಾಳದಲ್ಲಿ ಪಿಸುಗುಟ್ಟುವುದು, ನಾನು ಕನ್ನಡದಲ್ಲಿ ಹುಡುಕಿ ಒತ್ತುವುದು. ಕ್ಯಾಮೆರಾ ಸಿಕ್ಕಿತು, ಮೈಕೂ ಸಿಕ್ಕಿತು. ಅವನ ಕೇಸಿಗೆ ಇನ್ನೂ ಸುಮಾರು ಹೊತ್ತಿತ್ತು. ಸುಮ್ಮನೆ ಕೂತು ಬೇಸರವಾಗಿ ನೋಡುವಾಗ ‘ಕೈ ಎತ್ತಿ’ ಎಂಬುದು ಕಂಡಿತು. ಎತ್ತಿದರೆ ಏನಾಗುತ್ತದೆ ನೋಡೋಣವೆಂದು ಒತ್ತಿದೆ.

ಅವನ ಹೆಸರಿನ ಪಕ್ಕ ಹಳದಿ ಕೈಯೊಂದು ಮೂಡಿತು. ನ್ಯಾಯಾಧೀಶರು ಅದನ್ನು ಕಂಡು, ವಕೀಲರು ಏನೋ ಹೇಳಬೇಕೆಂದಿದ್ದಾರೆ, ಹೇಳಲಿ ಎಂದರು. ಅಳಿಯ ಅಭ್ಯಾಸಬಲದಿಂದ ಎದ್ದು ನಿಂತ. ನಾನು ಗೌನಿನ ತುದಿ ಹಿಡಿದು ಎಳೆದು ಕೂರಿಸುವಷ್ಟರಲ್ಲಿ ಮುಂಡು ಮತ್ತು ಮೊಣಕಾಲು ನ್ಯಾಯಾಲಯದ ಮುಂದೆ ಹಾಜರಾಗಿಬಿಟ್ಟಿದ್ದವು. ನ್ಯಾಯಾಧೀಶರು ಸ್ವಲ್ಪ ಹೊತ್ತು ಕಾಗದಗಳನ್ನೇ ನೋಡುತ್ತಿದ್ದರು. ಇವನು ತೊದಲುತ್ತಲೇ ಮುಂದಿನ ತಾರೀಖು ಕೇಳಿದ, ಎದುರಿನ ವಕೀಲರು ಆಗಬಹುದು ಎಂದರು, ಅದು ಅಲ್ಲಿಗೆ ಮುಗಿಯಿತು. ಮಧ್ಯಾಹ್ನದವರೆಗೆ ಕಾಯಬೇಕಿದ್ದ ಕೆಲಸ. ನನಗೆ ಥ್ಯಾಂಕ್ಸ್ ಹೇಳುವುದೋ ಬೇಡವೋ ಎಂದು ಅವನಿಗೆ ಗೊತ್ತಾಗಲಿಲ್ಲ.

ಊಟದ ಹೊತ್ತಿಗೆ ಮಗಳು, ಇದನ್ನೂ ಅಂಗಡಿಗೆ ಕೊಟ್ಟು ಎಲ್ಲ ಅಳಿಸಿ ಹೊಸದಾಗಿ ಹಾಕಿಸುವುದು ಎಂದು ತೀರ್ಮಾನಿಸಿದಳು.

“ಅಂಗಡಿಗೆಲ್ಲ ಬೇಡ,” ಎಂದೆ. “ಹಾಕಿದವಳಿಗೆ ತೆಗೀಲಿಕ್ಕೂ ಗೊತ್ತುಂಟು.”

ಗೊತ್ತಿರಲಿಲ್ಲ. ಬಂದ ದಾರಿಯೇ ಮರೆತುಹೋಗಿತ್ತು. ಆದರೆ ಗದ್ದೆಯಲ್ಲಿ ನಾವು ಮಾಡುತ್ತಿದ್ದ ಕ್ರಮ ಒಂದಿತ್ತಲ್ಲ: ಒಂದು ಸಲಕ್ಕೆ ಒಂದನ್ನೇ ಬದಲಿಸು, ಏನಾಯಿತು ನೋಡು, ಸರಿಹೋಗದಿದ್ದರೆ ಮೊದಲಿನಂತೆ ಮಾಡು. ಇಡೀ ಮಧ್ಯಾಹ್ನ ಅದನ್ನೇ ಮಾಡಿದೆ. ಪರದೆ ಕಪ್ಪಾಯಿತು, ಬಿಳಿಯಾಯಿತು. ಮೌಸಿನ ಬಾಣ ಬೆಂಡೆಕಾಯಿಯಷ್ಟು ದಪ್ಪವಾಯಿತು. ಒಮ್ಮೆ ಒಳಗಿನಿಂದ ಹೆಂಗಸೊಬ್ಬಳು ಪರದೆಯಲ್ಲಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದತೊಡಗಿದಳು. ಯಾರು ಬಂದದ್ದು ಎಂದು ಮಗಳು ಅಡುಗೆಮನೆಯಿಂದ ಓಡಿ ಬಂದಳು. ಸಂಜೆಯ ಚಹಾದ ಹೊತ್ತಿಗೆ ‘ಸಮಯ ಮತ್ತು ಭಾಷೆ’ ಸಿಕ್ಕಿತು. ಇಂಗ್ಲಿಷ್ ವಾಪಸ್ ಬಂತು. ಹುಡುಕುವಾಗಲೇ ಇನ್ನೊಂದೂ ಸಿಕ್ಕಿತ್ತು: ಒಂದೇ ಯಂತ್ರದಲ್ಲಿ ಬೇರೆ ಬೇರೆಯವರಿಗೆ ಬೇರೆ ಬೇರೆ ಖಾತೆ. ಅವರಿಗೆ ಇಂಗ್ಲಿಷಿನದು, ನನಗೆ ಕನ್ನಡದ್ದು ಮಾಡಿದೆ. ಅಂದಿನಷ್ಟು ಜಂಬ ನನಗೆ ಡಾಕ್ಟರೇಟ್ ಬಂದಾಗಲೂ ಆಗಿರಲಿಲ್ಲ.

ಕಾಲು ಸರಿಯಾಗಿ ಶ್ರೀಕಾರ್ಯಂನ ನನ್ನ ಮನೆಗೆ ಹೊರಟಾಗ, ಲ್ಯಾಪ್‌ಟಾಪ್ ನೀನೇ ಇಟ್ಟುಕೋ, ಅಲ್ಲಿ ಹೊತ್ತು ಹೋಗಬೇಕಲ್ಲ ಎಂದಳು ಮಗಳು. ಅಳಿಯ ಅದನ್ನು ಎದೆಗೆ ಅವಚಿಕೊಂಡು ರೈಲಿನವರೆಗೆ ತಂದು, ನನ್ನ ಸೀಟಿನ ಮೇಲಿಟ್ಟು, ರೈಲು ಹೊರಡುವವರೆಗೆ ಪ್ಲಾಟ್‌ಫಾರಂ ಬಿಟ್ಟು ಕದಲಲಿಲ್ಲ. ನನ್ನ ಬೇರೆ ಯಾವ ಸಾಮಾನನ್ನೂ ಅವನು ಅಷ್ಟು ಉತ್ಸಾಹದಿಂದ ಹೊತ್ತದ್ದಿಲ್ಲ.